ದೀಪದಬಾಯಿಯ ಊರಿಗೆ ಒಯ್ದ ಕಂಬಳಿ

ಜಮಖಂಡಿ

ವಿಲಾಯತಿಗೆ ಹೋಗಿ ಬಂದವರು ಏನಾದರೂ ಬರೆಯಲೇಬೇಕಂತೆ. ಹಾಗೆಂದು ಅಪ್ಪಣೆ ಕೊಡಿಸಿದವರು ನಮ್ಮ ಮನೆಯವರು. ಅವರು ಬನಹಟ್ಟಿಯ ಹೈಸ್ಕೂಲಿನಲ್ಲಿ ಭೂಗೋಳದ ಮಾಸ್ತರರು. ಥೇಮ್ಸ್ ನದಿಯನ್ನು ನಕಾಶೆಯ ಮೇಲೆ ಕೋಲಿನಿಂದ ತೋರಿಸುತ್ತಲೇ ಅವರ ಕೂದಲು ಬೆಳ್ಳಗಾಗಿವೆ. ಆದರೆ ನಿಜವಾದ ಥೇಮ್ಸ್ ನೋಡುವ ಯೋಗ ಬಂದದ್ದು ಭೂಗೋಳದಲ್ಲಿ ನಾಪಾಸಾಗಿದ್ದ ನನಗೆ. ಆ ಸಿಟ್ಟು ಇನ್ನೂ ಇಳಿದಿಲ್ಲ. ನಾನು ಬರೆದದ್ದನ್ನು ತಿದ್ದಲು ಕೆಂಪು ಶಾಯಿಯ ಪೆನ್ನು ಸಿದ್ಧ ಇಟ್ಟುಕೊಂಡು ಕೂತಿದ್ದಾರೆ.

ನಾನು ಜಮಖಂಡಿಯ ಒಂದು ದವಾಖಾನೆಯಲ್ಲಿ ಹಿರಿಯ ನರ್ಸು. ಹೆಸರು ಕಮಲಾಬಾಯಿ. ಬೆನ್ನ ಹಿಂದಿನ ಹೆಸರು ಗೂಗಿಬಾಯಿ. ನಮ್ಮ ಕಡೆ ಗೂಬೆಗೆ ಗೂಗಿ ಅನ್ನುತ್ತಾರೆ. ದುಂಡು ಕನ್ನಡಕ, ಸಪ್ಪಳ ಮಾಡದ ಚಪ್ಪಲಿ, ಕತ್ತನ್ನು ಹಿಂದಕ್ಕೆ ಹೊರಳಿಸಿ ನೋಡುವ ಚಟ, ಇಷ್ಟು ಸಾಕಾಯಿತು ನಮ್ಮ ಹುಡುಗಿಯರಿಗೆ. ಈ ಹೆಸರು ಇಟ್ಟವಳು ಯಾರೆಂದು ಪತ್ತೆ ಹಚ್ಚಲು ಎಷ್ಟೋ ವರ್ಷ ಹೆಣಗಿದೆ. ಸಿಗಲಿಲ್ಲ.

ಪ್ರತಿ ವರ್ಷ ಮೇ ತಿಂಗಳಲ್ಲಿ ದಾದಿಯರ ದಿನ ಬರುತ್ತದೆ, ಅವತ್ತು ನನ್ನ ಭಾಷಣವಿರುತ್ತದೆ. ವಿಷಯ ಮೊದಲಿನಿಂದಲೂ ಒಂದೇ. ಯುದ್ಧದಲ್ಲಿ ಗಾಯಗೊಂಡ ಸಿಪಾಯಿಗಳ ಮಂಚಗಳ ನಡುವೆ ದೀಪ ಹಿಡಿದು ಓಡಾಡಿದ, ನಮ್ಮ ಕಸುಬಿಗೆ ಮಾನ ತಂದುಕೊಟ್ಟ ಆ ಇಂಗ್ಲಿಷ್ ಹೆಣ್ಣುಮಗಳ ಕಥೆ. ಆಕೆಯ ಉದ್ದ ಹೆಸರು ನಮ್ಮ ಆಯಾಗಳ ನಾಲಿಗೆಗೆ ಹೊರಳಲಿಲ್ಲ. ಅವರು ದೀಪದಬಾಯಿ ಎಂದರು, ನನಗೂ ಅದೇ ರೂಢಿಯಾಯಿತು. ನಾನು ಬಿಳಿ ಸೀರೆ ಉಟ್ಟು, ಹಿತ್ತಾಳೆಯ ಹಣತೆ ಹಿಡಿದು, ಹೀಗೆಯೇ ಹಿಡಿದಿದ್ದರು ನೋಡಿ ಎಂದು ತೋರಿಸುತ್ತೇನೆ. ಒಮ್ಮೆ ಸೆರಗಿಗೆ ಬೆಂಕಿ ತಗುಲಿ ಆಯಾ ಒಬ್ಬಳು ಒಂದು ಕೊಡ ನೀರು ಸುರಿದಳು. ಆ ವರ್ಷದ ಭಾಷಣಕ್ಕೆ ಮಾತ್ರ ಜೋರಾಗಿ ಚಪ್ಪಾಳೆ ಬಿತ್ತು.

ಈ ಕಸುಬನ್ನು ನನಗೆ ಕಲಿಸಿದವರು ವಿಲಾಯತಿಯ ಹಿಲ್ಡಾಬಾಯಿ. ನಮ್ಮ ಭಾಗದಲ್ಲಿ ಆಗ ಒಂದು ಮಿಷನ್ ದವಾಖಾನೆ ಇತ್ತು. ಈಗಿಲ್ಲ, ಹೆಸರೂ ಬೇಡ. ಅಲ್ಲಿ ಅವರು ಹೆಣ್ಣುಮಕ್ಕಳ ವಾರ್ಡಿನ ಮುಖ್ಯ ಸಿಸ್ಟರು, ನಾನು ಹತ್ತೊಂಬತ್ತರ ವಿದ್ಯಾರ್ಥಿನಿ. ನಮ್ಮ ಸೀಮೆಯ ಕನ್ನಡವನ್ನು ಆಯಾಗಳಿಂದ, ಬಾಣಂತಿಯರಿಂದ, ಹಾಲು ಹಾಕುವವಳಿಂದ ಕಲಿತಿದ್ದರು. ಬೈಗಳೂ ಬರುತ್ತಿದ್ದವು. ಎಷ್ಟೋ ವರ್ಷಗಳ ಹಿಂದೆ ತಮ್ಮ ದೇಶಕ್ಕೆ ಮರಳಿದರೂ ಪ್ರತಿ ಕ್ರಿಸ್‌ಮಸ್‌ಗೆ ದುಂಡು ಅಕ್ಷರದ ಕನ್ನಡದಲ್ಲಿ ಒಂದು ಕಾಗದ ಬರುತ್ತಿತ್ತು. ಈ ಸಲದ ಕಾಗದದೊಳಗೆ ವಿಮಾನದ ಟಿಕೀಟೂ ಇತ್ತು. "ನನಗ ಎಪ್ಪತ್ನಾಲ್ಕು ಆತು. ನಿನ್ನ ದೀಪದಬಾಯಿ ಸಮಾಧಿ ನನ್ನ ಮನಿಗೆ ಹತ್ರ ಐತಿ. ಅಕಿನ್ನೂ ನೋಡು, ನನ್ನೂ ನೋಡು. ನಾನೂ ಸಮಾಧಿ ಆಗೂದರಾಗ ಬಂದಬಿಡು" ಎಂದು ಬರೆದಿದ್ದರು.

ಕಾಗದ ಓದಿ ಎಲ್ಲರೂ ಕುಣಿದರು. ನಾನೊಬ್ಬಳೇ ಕುಣಿಯಲಿಲ್ಲ. ನಾನು ಹಿಲ್ಡಾಬಾಯಿಗೆ ಮೂವತ್ತೆರಡು ವರ್ಷದ ಹಿಂದೆ ಒಂದು ಸುಳ್ಳು ಹೇಳಿದ್ದೆ. ಅದನ್ನು ಕಾಗದದಲ್ಲಿ ಒಪ್ಪಿಕೊಳ್ಳುವ ಧೈರ್ಯ ನನಗೆ ಬಂದಿರಲಿಲ್ಲ. ಈಗ ಎದುರಿಗೇ ಹೋಗಿ ನಿಲ್ಲಬೇಕಾಗಿತ್ತು.

ಸುಳ್ಳು ದೊಡ್ಡದೇನಲ್ಲ, ಎರಡೂವರೆ ಅಕ್ಷರದ್ದು. ರನ್ನ ಬೆಳಗಲಿಯ ಮಾಳವ್ವ ಎಂಬ ಹುಡುಗಿ ಚೊಚ್ಚಲ ಹೆರಿಗೆಯಾಗಿ, ಜ್ವರ ಬಂದು ನಮ್ಮ ವಾರ್ಡಿನಲ್ಲಿ ಮಲಗಿದ್ದಳು. ಕುರಿ ಸಾಕುವ ಮನೆತನ, ಬೀರಪ್ಪ ದೇವರ ಒಕ್ಕಲು. ಡಾಕ್ಟರು ಬೆಳಗಿನ ರೌಂಡಿನಲ್ಲಿ ನೋಡಿ, ಇವತ್ತಿನಿಂದಲೇ ದಿನಕ್ಕೊಂದು ಪೆನಿಸಿಲಿನ್ ಸೂಜಿ ಸುರು ಮಾಡಿರೆಂದು ಬರೆದುಹೋದರು. ಸೂಜಿ ಮಾಡುವ ಕೆಲಸ ನನ್ನದು. ಅಷ್ಟರಲ್ಲಿ ಗೇಟಿನ ಹತ್ತಿರ ಬಳೆಗಾರ ಬಂದ. ನಾಗರ ಪಂಚಮಿಗೆ ಇನ್ನು ನಾಲ್ಕು ದಿನ ಇತ್ತು. ನರ್ಸುಗಳು ಕೆಲಸದಲ್ಲಿ ಬಳೆ ತೊಡುವಂತಿಲ್ಲ. ಆದರೆ ತೊಟ್ಟು ನೋಡಿ ತೆಗೆಯಬಾರದೆಂದು ಯಾವ ನಿಯಮದಲ್ಲಿಯೂ ಇಲ್ಲವಲ್ಲ! ಹಸಿರು ತೊಟ್ಟೆ, ತೆಗೆದೆ. ಕೆಂಪು ತೊಟ್ಟೆ, ತೆಗೆದೆ. ಓಡಿ ಒಳಗೆ ಬಂದಾಗ ಹಿಲ್ಡಾಬಾಯಿ ಔಷಧದ ಪಟ್ಟಿ ಹಿಡಿದು ನಿಂತಿದ್ದರು.

"ಮಾಳವ್ವನ ಸೂಜಿ ಆತೇನು?" ಎಂದು ಕೇಳಿದರು.

"ಆತ್ರಿ" ಎಂದೆ.

ನಮ್ಮ ಕಡೆ ‘ಆತ್ರಿ’ ಎಂದರೆ ‘ಮುಗಿಯಿತು’ ಎಂದೂ ಹೌದು, ‘ಆಗಲಿ, ಮಾಡುತ್ತೇನೆ’ ಎಂದೂ ಹೌದು. ನಾನು ಹೇಳಿದ್ದು ಮುಗಿಯಿತು ಎಂದೇ. ಬೈಸಿಕೊಳ್ಳುವುದು ಬೇಡ, ಅವರು ಆಚೆ ಹೋದ ಕೂಡಲೇ ಮಾಡಿಬಿಟ್ಟರಾಯಿತು ಎಂಬ ಲೆಕ್ಕ. ಅವರು ಪಟ್ಟಿಯಲ್ಲಿ ಗುರುತು ಹಾಕಿದರು. ಅಷ್ಟರಲ್ಲಿ ಇನ್ನೊಬ್ಬಳ ಹೆರಿಗೆ ಸುರುವಾಯಿತು, ಆಮೇಲೆ ಹಸಿವಾಯಿತು, ಆಮೇಲೆ ಮರೆತುಹೋಯಿತು. ಮರುದಿನ ನೋಡಿದರೆ ಔಷಧದ ಶೀಶೆಯ ಸೀಲು ಒಡೆದಿರಲಿಲ್ಲ. ಮಾಳವ್ವನಿಗೆ ಮೈಮೇಲೆ ಎಚ್ಚರವಿರಲಿಲ್ಲ.

ಮೂರು ದಿನ ಅವಳು ಸಾವಿನ ಬಾಯಲ್ಲಿದ್ದಳು. ಹಿಲ್ಡಾಬಾಯಿ ಆ ಮೂರು ದಿನವೂ ಅವಳ ಮಂಚದ ಮಗ್ಗುಲು ಬಿಟ್ಟು ಏಳಲಿಲ್ಲ. ಅವಳು ಬದುಕಿದ ಮೇಲೆ ಕಮಿಟಿಯವರು ವಿಚಾರಣೆಗೆ ಕರೆದರು. ನಾನು, "ಮಾಡ್ತೀನಿ ಅನ್ನೂ ಅರ್ಥದಾಗ ಆತ್ರಿ ಅಂದಿದ್ದೆರಿ" ಎಂದುಬಿಟ್ಟೆ. ಹಿಲ್ಡಾಬಾಯಿ ಒಂದು ಕ್ಷಣ ನನ್ನನ್ನು ನೋಡಿದರು. ಆಮೇಲೆ, "ತಪ್ಪು ನನ್ನದು. ನನ್ನ ಕನ್ನಡ ಇನ್ನೂ ಕಚ್ಚಾ ಐತಿ" ಎಂದರು. ಅವರನ್ನು ವಾರ್ಡಿನಿಂದ ತೆಗೆದು ಆರು ತಿಂಗಳು ಬಟ್ಟೆಯ ಕೋಣೆಗೆ ಹಾಕಿದರು. ಕನ್ನಡ ಸುಧಾರಿಸಲು ಒಬ್ಬ ಮಾಸ್ತರರನ್ನೂ ಗೊತ್ತು ಮಾಡಿದರು. ನಲವತ್ತೆರಡರ ಆ ಹೆಂಗಸು ಹಾಸಿಗೆ ಬಟ್ಟೆಗಳ ನಡುವೆ ಕೂತು ಪಾಟಿಯ ಮೇಲೆ ಕಾಗುಣಿತ ತಿದ್ದುತ್ತಿದ್ದರು. ಸಂಜೆ ಅವರಿಗೆ ಅಭ್ಯಾಸ ಹೇಳಿಕೊಡಲು ನೇಮಿಸಿದ್ದು ನನ್ನನ್ನೇ. ಆಗ ಆದ ನಾಚಿಕೆ ನನಗೆ ಜನ್ಮದಲ್ಲಿ ಮತ್ತೆಂದೂ ಆಗಿಲ್ಲ.

ವಾರ್ಡಿಗೆ ಮರಳಿದ ದಿನವೇ ಹಿಲ್ಡಾಬಾಯಿ ಕಾನೂನು ಮಾಡಿದರು. ಇಲ್ಲಿ ಯಾರೂ ‘ಆತು’ ಅನ್ನಬಾರದು. ಕೊಟ್ಟಿದ್ದರೆ ‘ಕೊಟ್ಟೆ’ ಅನ್ನಬೇಕು, ಪಟ್ಟಿಯಲ್ಲಿ ಗಂಟೆ ಬರೆದು ಸಹಿ ಹಾಕಬೇಕು. ಜಮಖಂಡಿಯಲ್ಲಿ ನಾನೂ ಅದೇ ಕಾನೂನು ನಡೆಸಿದೆ. ಬಾಯಿ ತಪ್ಪಿ ‘ಆತ್ರಿ’ ಅಂದ ಹುಡುಗಿಯರನ್ನು ನಿಲ್ಲಿಸಿ ಝಾಡಿಸುತ್ತಿದ್ದೆ. ಸತ್ಯದ ಬಗ್ಗೆ ಎರಡು ಮಾತನ್ನೂ ಹೇಳುತ್ತಿದ್ದೆ. ಯಾರೂ ನಗಲಿಲ್ಲ, ಏಕೆಂದರೆ ಯಾರಿಗೂ ಗೊತ್ತಿರಲಿಲ್ಲ.

ಮಾಳವ್ವನಿಗೂ ಗೊತ್ತಿರಲಿಲ್ಲ. ನಾನೇ ಅವಳ ಜೀವ ಉಳಿಸಿದೆನೆಂದು ಅವಳು ತಿಳಿದಿದ್ದಳು. ವರ್ಷಕ್ಕೊಂದು ಸಲ ಗಡಿಗೆ ತುಂಬ ಬೆಣ್ಣೆ ತಂದು ನನ್ನ ಕಾಲು ಮುಟ್ಟುತ್ತಿದ್ದಳು. ನಾನು ವಿಲಾಯತಿಗೆ ಹೊರಟ ಸುದ್ದಿ ತಿಳಿದು ಮನೆಯಲ್ಲಿ ನೇಯ್ದ ಕರಿ ಕಂಬಳಿಯೊಂದನ್ನು ಹೆಗಲ ಮೇಲೆ ಹೊತ್ತು ತಂದಳು.

"ಬಾಯಾರ, ಇದನ್ನ ಆ ಬಿಳಿ ಬಾಯಾರಿಗೆ ಕೊಡ್ರಿ. ಅಲ್ಲಿ ಥಂಡಿ ಭಾಳ ಅಂತ್ರಿ. ನೀವಿಬ್ಬರೂ ನನ್ನ ಪಾಲಿನ ದೇವ್ರು" ಎಂದಳು.

ಕಂಬಳಿ ಏಳು ಕಿಲೋ ಭಾರವಿತ್ತು. ನನಗೆ ಎಪ್ಪತ್ತು ಅನಿಸಿತು.

ವಿಮಾನ ನಿಲ್ದಾಣ

ಕಂಬಳಿ ಪೆಟ್ಟಿಗೆಯಲ್ಲಿ ಹಿಡಿಯಲಿಲ್ಲ. ಹೆಗಲ ಮೇಲೆ ಹಾಕಿಕೊಂಡೇ ಲಂಡನ್ನಿನಲ್ಲಿ ಇಳಿದೆ. ವಿಮಾನದಲ್ಲಿ ನನ್ನ ಪಕ್ಕ ಕೂತವನು ಇಡೀ ದಾರಿ ಮೂಗಿಗೆ ಕರವಸ್ತ್ರ ಒತ್ತಿಕೊಂಡಿದ್ದ. ಕುರಿಯ ವಾಸನೆ ನಮಗೆ ಮನೆಯ ವಾಸನೆ. ಅಲ್ಲಿ ಅದು ಬೇರೆ ಏನೋ ಆಗಿಬಿಡುತ್ತದೆ.

ತಪಾಸಣೆಯ ಸಾಹೇಬ ಪೆಟ್ಟಿಗೆ ತೆಗೆಸಿದ. ಕಡಕ್ ರೊಟ್ಟಿಯ ಕಟ್ಟನ್ನು ಎತ್ತಿ, ಬೆರಳಿನ ಗೆಣ್ಣಿನಿಂದ ಟಕಟಕ ಬಡಿದು ನೋಡಿದ. ತಿನ್ನುವುದು ಎಂದೆ. ನಂಬಲಿಲ್ಲ. ನಾನೇ ಒಂದನ್ನು ಮುರಿದು ಕಟುಂ ಎಂದು ಕಡಿದು ತೋರಿಸಿದೆ. ನನ್ನ ಹಲ್ಲಿನ ಕಡೆ ಗೌರವದಿಂದ ನೋಡಿದ. ಶೇಂಗಾ ಚಟ್ನಿ ಮೂಸಿ ಎರಡು ಸಲ ಸೀನಿದ, ಸೀನಿದ್ದಕ್ಕೆ ನನಗೇ ‘ಸಾರಿ’ ಹೇಳಿದ. ಕಂಬಳಿಯನ್ನು ತೋರಿಸಿ, ಇದನ್ನು ನೀವೇ ಕಟ್ಟಿದಿರಾ, ಬೇರೆ ಯಾರಾದರೂ ಕೊಟ್ಟರಾ, ಇದರೊಳಗೆ ಹೇಳಬೇಕಾದದ್ದು ಏನಾದರೂ ಇದೆಯೇ ಎಂದು ಕೇಳಿದ.

ಹೇಳಬೇಕಾದದ್ದು! ಗಾಬರಿಯಲ್ಲಿ ಬಾಯಿಂದ ಹೊರಟ ಮಾತು "ಆತ್ರಿ". ಅವನಿಗೆ ಏನು ತಿಳಿಯಿತೋ, ಕೈ ಬೀಸಿ ಕಳಿಸಿದ. ಆ ಮಾತು ಅಲ್ಲಿಯೂ ನನ್ನನ್ನು ಪಾರು ಮಾಡಿತು.

ಲಂಡನ್

ಹಿಲ್ಡಾಬಾಯಿ ಬರೆದಿದ್ದ ಪ್ರಕಾರ ಒಂದು ಹೆಣ್ಣುಮಕ್ಕಳ ವಸತಿಗೃಹದಲ್ಲಿ ಇಳಿದುಕೊಂಡೆ. ಸ್ನಾನದ ಕೋಣೆಯಲ್ಲಿ ಎರಡು ನಲ್ಲಿ, ಒಂದರಲ್ಲಿ ಕುದಿಯುವ ನೀರು, ಇನ್ನೊಂದರಲ್ಲಿ ಮಂಜಿನಂಥ ನೀರು. ಎರಡನ್ನು ಬೆರೆಸಲು ಬಕೀಟು ಇಲ್ಲ, ಚರಿಗೆ ಇಲ್ಲ. ಜಗತ್ತಿಗೆಲ್ಲ ಕೈ ತೊಳೆಯಲು ಕಲಿಸಿದ ದೀಪದಬಾಯಿಯ ದೇಶದಲ್ಲಿ ನಾನು ಒಂದು ಕೈ ಸುಟ್ಟುಕೊಂಡು, ಇನ್ನೊಂದು ಕೈ ಮರಗಟ್ಟಿಸಿಕೊಂಡು ಹೊರಬಂದೆ.

ಥೇಮ್ಸ್ ನದಿಯನ್ನು ನಮ್ಮ ಮನೆಯವರ ಪರವಾಗಿ ಎರಡು ನಿಮಿಷ ನೋಡಿದೆ. ಚಿಕ್ಕಪಡಸಲಗಿಯಲ್ಲಿ ನಮ್ಮ ರೈತರು ತಾವೇ ಬ್ಯಾರೇಜು ಕಟ್ಟಿಕೊಂಡ ಮೇಲೆ ಕೃಷ್ಣೆ ನಿಂತ ನೀರಿನಲ್ಲಿ ಇದಕ್ಕಿಂತ ಅಗಲ ಕಾಣುತ್ತಾಳೆ. ಇದನ್ನು ಅವರು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರೂ ನಾನು ಮತ್ತೆ ಬರೆಯುವವಳೇ.

ಬಳಿಕ ದೀಪದಬಾಯಿಯ ವಸ್ತುಗಳನ್ನು ಇಟ್ಟಿರುವ ಸಂಗ್ರಹಾಲಯಕ್ಕೆ ಹೋದೆ. ಬಾಗಿಲಲ್ಲೇ ಚಪ್ಪಲಿ ಬಿಟ್ಟೆ. ಅಲ್ಲಿದ್ದ ಮುದುಕಿ ಓಡಿಬಂದು ಅವನ್ನು ಎರಡು ಬೆರಳಲ್ಲಿ ಹಿಡಿದು ವಾಪಸು ಕೊಟ್ಟಳು. ನನ್ನ ಕಣ್ಣು ಹಿತ್ತಾಳೆಯ ಹಣತೆ ಹುಡುಕುತ್ತಿತ್ತು. ಎಲ್ಲಿಯೂ ಇಲ್ಲ. ಕೇಳಿದೆ. ಮುದುಕಿ ಒಂದು ಗಾಜಿನ ಪೆಟ್ಟಿಗೆಯ ಮುಂದೆ ನಿಲ್ಲಿಸಿದಳು. ಒಳಗೆ ನೆರಿಗೆ ನೆರಿಗೆಯಾಗಿ ಮಡಚಿಕೊಳ್ಳುವ ಬಟ್ಟೆಯ ಕಂದೀಲು. ದೀಪಾವಳಿಗೆ ನಾವು ಅಟ್ಟದಿಂದ ಇಳಿಸುವ ಆಕಾಶಬುಟ್ಟಿ ಇದ್ದಂತೆಯೇ ಇತ್ತು! ಹಣತೆ ಬರೀ ಚಿತ್ರ ಬರೆಯುವವರ ಕಲ್ಪನೆ, ಗಾಳಿ ಬೀಸುವ ಪಡಸಾಲೆಯಲ್ಲಿ ಹಣತೆ ನಿಲ್ಲುತ್ತದೆಯೇ ಎಂದು ಮುದುಕಿ ಕೇಳಿದಳು. ಅಯ್ಯೋ ದೇವರೇ, ಹೌದಲ್ಲ! ಹಣತೆ ಹಿಡಿದು ನಡೆದರೆ ಆರುತ್ತದೆ, ಇಲ್ಲವೇ ಸೆರಗು ಸುಡುತ್ತದೆ. ಇದನ್ನು ನಾನು ಸ್ವತಃ ಪ್ರಯೋಗ ಮಾಡಿಯೂ ತಿಳಿದುಕೊಂಡಿರಲಿಲ್ಲ.

ಮುಂದಿನ ಗೋಡೆಯ ಮೇಲೆ ಒಂದು ಪುಟ್ಟ ಗೂಗಿಯ ಚಿತ್ರವಿತ್ತು. ಇದೇನು ಅಪಶಕುನ ಇಲ್ಲಿ ಎಂದು ಹಿಂದೆ ಸರಿದೆ. ಮುದುಕಿ ಹೇಳಿದಳು, ಅದು ದೀಪದಬಾಯಿ ಸಾಕಿದ ಗೂಗಿಯಂತೆ. ಮರಿಯಿದ್ದಾಗ ಹುಡುಗರ ಕೈಯಿಂದ ಬಿಡಿಸಿ ತಂದು, ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು ತಿರುಗುತ್ತಿದ್ದಳಂತೆ. ಯುದ್ಧಕ್ಕೆ ಹೊರಡುವ ಗದ್ದಲದಲ್ಲಿ ಅದನ್ನು ನೋಡುವವರಿಲ್ಲದೆ ಸತ್ತಾಗ ಬಹಳ ಅತ್ತಳಂತೆ. ನಾನು ಆ ಚಿತ್ರದ ಎದುರು ಬಹಳ ಹೊತ್ತು ನಿಂತೆ. ದುಂಡು ಕಣ್ಣು, ಸಪ್ಪಳವಿಲ್ಲದ ರೆಕ್ಕೆ. ಇಷ್ಟು ವರ್ಷ ನನ್ನ ಹುಡುಗಿಯರು ನನ್ನನ್ನು ದೀಪದಬಾಯಿಯ ಕಿಸೆಯಲ್ಲಿ ಕೂರಿಸಿದ್ದರೆಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಪೂರಾ ಸಮಾಧಾನವಾಗಲಿಲ್ಲ.

ರೈಲು

ಮರುದಿನ ರೈಲಿನಲ್ಲಿ ನನ್ನ ಎದುರು ಒಬ್ಬ ಹಿರಿಯ ಕೂತಿದ್ದ. ನಮ್ಮ ಮುಧೋಳ ಬಸ್ಸಿನಲ್ಲಾದರೆ ಇಷ್ಟೊತ್ತಿಗೆ ಯಾವೂರು, ಯಾರ ಪೈಕಿ, ಮಕ್ಕಳೆಷ್ಟು ಎಲ್ಲ ಮುಗಿದು ಬುತ್ತಿ ಬಿಚ್ಚಿರುತ್ತಿದ್ದೆವು. ನಾನೇ ಸುರು ಮಾಡಿದೆ. ಯಾವ ಊರು ಎಂದೆ. ಹೇಳಿದ. ಮಕ್ಕಳೆಷ್ಟು ಎಂದೆ. ಪತ್ರಿಕೆ ಅಗಲ ಮಾಡಿ ಅದರ ಹಿಂದೆ ಹೋದ. ಆರೋಗ್ಯ ಹೇಗಿದೆ, ಮುಖ ಬಿಳಿಚಿಕೊಂಡಿದೆಯಲ್ಲ ಎಂದೆ. ಮುಂದಿನ ನಿಲ್ದಾಣದಲ್ಲಿ ಆತ ಡಬ್ಬಿ ಬದಲಿಸಿದ. ಅಲ್ಲಿ ಎಲ್ಲರ ಮುಖವೂ ಹಾಗೆಯೇ ಬಿಳಿಚಿಕೊಂಡಿರುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ.

ಹಿಲ್ಡಾಬಾಯಿ ನಿಲ್ದಾಣದ ಕಟ್ಟೆಯ ಮೇಲೆಯೇ ನಿಂತಿದ್ದರು. ಬೆನ್ನು ಸ್ವಲ್ಪ ಬಾಗಿತ್ತು, ಧ್ವನಿ ಬಾಗಿರಲಿಲ್ಲ.

"ಏ ಕಮಲಿ! ಎಷ್ಟ ದಪ್ಪ ಆಗೀಯ ಬೇ!"

ಇಡೀ ನಿಲ್ದಾಣ ತಿರುಗಿ ನೋಡಿತು. ಆ ದೇಶದಲ್ಲಿ ಯಾರೂ ಯಾರಿಗೂ ಹೀಗೆ ಕೂಗುವುದಿಲ್ಲವಂತೆ. ನನಗೆ ಕಣ್ಣೀರು ಬಂದುಬಿಟ್ಟವು. ಎರಡು ದಿನದ ಮೇಲೆ ನನ್ನ ಭಾಷೆ ಕಿವಿಗೆ ಬಿದ್ದಿತ್ತು, ಅದೂ ಬೈಗಳ ರೂಪದಲ್ಲಿ.

ಹಿಲ್ಡಾಬಾಯಿಯ ಮನೆ

ಅವರಿಗೊಂದು ಚಿಕ್ಕ ಕಾರು ಇತ್ತು. ಅದನ್ನು ಅವರು ನಮ್ಮ ಕಬ್ಬಿನ ಟ್ರ್ಯಾಕ್ಟರಿನವರ ಹಾಗೆ ರಸ್ತೆಯ ನಡುವೆಯೇ ಓಡಿಸುತ್ತಿದ್ದರು. ಮನೆ ತಲುಪುವಷ್ಟರಲ್ಲಿ ನನಗೆ ಗೊತ್ತಿದ್ದ ದೇವರೆಲ್ಲ ಮುಗಿದಿದ್ದರು.

ಕಂಬಳಿ ಕೊಟ್ಟೆ. ಅವರು ಅದನ್ನು ಮುಖಕ್ಕೆ ಒತ್ತಿಕೊಂಡು ಉಸಿರು ಎಳೆದರು.

"ಮಾಳವ್ವ ಹೆಂಗದಾಳ?"

"ಛಲೋ ಅದಾಳ್ರಿ. ಮಗಳ ಲಗ್ನಾನೂ ಆಗೇತಿ. ನಿಮ್ಮನ್ನ ದೇವ್ರು ಅಂತಾಳ."

"ನಿನ್ನ?"

"ನನ್ನೂ ಅಂತಾಳ್ರಿ" ಎಂದು ನೆಲ ನೋಡಿದೆ.

ಹೇಳಲು ಇದಕ್ಕಿಂತ ಒಳ್ಳೆಯ ಸಮಯವಿರಲಿಲ್ಲ. ನಾನು ಬಾಯಿ ತೆರೆದೆ, "ಚಹಾ ಮಾಡ್ಲೇನ್ರಿ?" ಎಂದೆ. ಮರುದಿನವೂ ಹಾಗೆಯೇ ಆಯಿತು. ಬೆಳಗಿನ ತಿಂಡಿಯ ಹೊತ್ತಿಗೆ ಹೇಳೋಣವೆಂದರೆ ಪಕ್ಕದ ಮನೆಯವರು ಬಂದು ಹವೆಯ ಬಗ್ಗೆ ಅರ್ಧ ತಾಸು ಮಾತಾಡಿದರು. ಇವತ್ತು ಮೋಡ ಇದೆ ಎನ್ನುವರು, ಹೌದು ಮೋಡ ಇದೆ ಎನ್ನುವರು, ನಾಳೆಯೂ ಇರಬಹುದು ಎನ್ನುವರು. ಕಿಟಕಿಯ ಹೊರಗೆ ಎಲ್ಲರಿಗೂ ಕಾಣುತ್ತಿದ್ದ ಮೋಡವದು. ಆದರೆ ನಗುವ ಹಕ್ಕು ನನಗಿರಲಿಲ್ಲ. ಇಷ್ಟು ವರ್ಷ ಕಾಗದದಲ್ಲಿ ನಾನು ಬರೆದದ್ದೂ ಅದನ್ನೇ: ಈ ಸಲ ಮಳೆ ಕಡಿಮೆ, ಈ ಸಲ ಬಿಸಿಲು ಜಾಸ್ತಿ.

ಅಡುಗೆಮನೆಯ ಗೋಡೆಯ ಮೇಲೆ ಒಂದು ಪಟ್ಟಿ ಅಂಟಿಸಿದ್ದರು. ಅವರು ರಕ್ತದ ಒತ್ತಡಕ್ಕೆ ನುಂಗುವ ಗುಳಿಗೆಯ ಹೆಸರು, ನುಂಗಿದ ಗಂಟೆ, ಪಕ್ಕದಲ್ಲಿ ಸಹಿ. ಮನೆಯಲ್ಲಿ ಇರುವುದು ಒಬ್ಬರೇ. ಗುಳಿಗೆ ಕೊಡುವವರೂ ಅವರೇ, ನುಂಗುವವರೂ ಅವರೇ.

"ಇಲ್ಲಿ ಯಾರು ನೋಡ್ತಾರ್ರಿ ಇದನ್ನ?" ಎಂದೆ.

"ನಾ ನೋಡ್ತೀನಲ್ಲ" ಎಂದರು ಹಿಲ್ಡಾಬಾಯಿ.

ಅವತ್ತು ನನಗೆ ಊಟ ಸೇರಲಿಲ್ಲ. ಅಲ್ಲಿನ ಊಟ ಹೇಗೂ ಸೇರುತ್ತಿರಲಿಲ್ಲ, ಆದ್ದರಿಂದ ಅವರಿಗೆ ಅನುಮಾನ ಬರಲಿಲ್ಲ.

ಸಮಾಧಿ

ಮೂರನೆಯ ದಿನ ದೀಪದಬಾಯಿಯ ಸಮಾಧಿಗೆ ಹೋದೆವು. ಹಳ್ಳಿಯ ಸಣ್ಣ ಚರ್ಚು, ಸುತ್ತ ಹುಲ್ಲು, ಆಚೆ ಹೊಲದಲ್ಲಿ ಕುರಿಗಳು. ಹಿಲ್ಡಾಬಾಯಿ ಥಂಡಿಗೆ ಮಾಳವ್ವನ ಕಂಬಳಿಯನ್ನು ನಮ್ಮ ಕುರಿಗಾರರ ಹಾಗೆಯೇ ತಲೆಯ ಮೇಲಿಂದ ಕೊಪ್ಪೆ ಹಾಕಿಕೊಂಡಿದ್ದರು. ಅವರು ಕೋಲೂರಿ ನಿಧಾನ ಬರುತ್ತಿದ್ದಾಗ ನಾನು ಮುಂದೆ ಓಡಿದೆ. ಎಲ್ಲಕ್ಕಿಂತ ದೊಡ್ಡ, ಹೂವಿನ ಕೆತ್ತನೆಯ ಕಲ್ಲನ್ನು ಹುಡುಕಿ, ಅರಿಷಿಣ ಕುಂಕುಮ ಏರಿಸಿ, ಕಣ್ಣು ಮುಚ್ಚಿ, ನಮ್ಮ ದಾದಿಯರ ಪ್ರತಿಜ್ಞೆಯನ್ನು ದೊಡ್ಡ ದನಿಯಲ್ಲಿ ಸುರುವಿನಿಂದ ಕೊನೆಯವರೆಗೂ ಹೇಳಿದೆ. ಕಣ್ಣು ಬಿಟ್ಟಾಗ ಹಿಲ್ಡಾಬಾಯಿ ನಗು ತಡೆಯಲಾಗದೆ ಕೋಲಿನ ಮೇಲೆ ಬಾಗಿದ್ದರು.

"ಅದು ಇಲ್ಲಿ ಯಾರೋ ಒಬ್ಬ ಕುದುರಿ ವ್ಯಾಪಾರಿದು ಬೇ! ಪಾಪ, ಅವಂಗೆ ಇಷ್ಟ ಮರ್ಯಾದಿ ಯಾರೂ ಕೊಟ್ಟಿರ್ಲಿಲ್ಲ."

ದೀಪದಬಾಯಿಯದು ಅವರ ಮನೆತನದ ಕಲ್ಲು. ಅದರ ಒಂದು ಮಗ್ಗುಲಲ್ಲಿ ಹೆಸರಿನ ಎರಡು ಮೊದಲಕ್ಷರ, ಹುಟ್ಟಿದ್ದು, ಸತ್ತದ್ದು. ಅಷ್ಟೇ. ದೀಪವಿಲ್ಲ, ಹೊಗಳಿಕೆಯಿಲ್ಲ, ಪೂರ್ತಿ ಹೆಸರೂ ಇಲ್ಲ. ರಾಜರನ್ನು ಹೂಳುವ ದೊಡ್ಡ ಚರ್ಚಿನಲ್ಲಿ ಜಾಗ ಕೊಡುತ್ತೇವೆಂದು ಮುಂದೆ ಬಂದಿದ್ದರಂತೆ. ಆಕೆ ಮೊದಲೇ ಬೇಡವೆಂದು ಬರೆದಿಟ್ಟಿದ್ದಳಂತೆ.

ನಾವು ಅಲ್ಲಿನ ಬೆಂಚಿನ ಮೇಲೆ ಕೂತೆವು. ನನ್ನ ಭಾಷಣದ ಹುಮ್ಮಸ್ಸು ಇನ್ನೂ ಇಳಿದಿರಲಿಲ್ಲ. ದೀಪ, ತ್ಯಾಗ, ದೇವತೆ ಎಂದು ಏನೇನೋ ಹೇಳಿದೆ. ಹಿಲ್ಡಾಬಾಯಿ ಕೈ ಎತ್ತಿ ನಿಲ್ಲಿಸಿದರು.

"ದೀಪಾ ಬಿಡ ಬೇ. ದೀಪಾ ಯಾರರೆ ಹಿಡೀತಾರ. ಈಕಿ ಯುದ್ಧ ಮುಗಿಸಿ ಬಂದ ಮ್ಯಾಲೆ ಏನ್ ಮಾಡಿದ್ಲು ಗೊತ್ತೈತೇನು? ಸತ್ತವರ ಲೆಕ್ಕಾ ಹಿಡಕೊಂಡು ಕುಂತ್ಲು. ಗುಂಡಿನ ಗಾಯದಿಂದ ಸತ್ತಾವ್ರಿಗಿಂತ ಹೊಲಸ ಗಟಾರದಿಂದ, ಜಡ್ಡಿನಿಂದ ಸತ್ತಾವ್ರು ಹೆಚ್ಚ. ಅದೂ ತಾ ಇದ್ದ ದವಾಖಾನ್ಯಾಗs. ಜನಾ ಎಲ್ಲಾ ದೇವತಿ ಅಂತ ಆರತಿ ಮಾಡಾಕತ್ತಿದ್ರು. ಗಪ್ಪ ಇದ್ದಿದ್ರ ಆಗ್ತಿತ್ತು. ಇರ್ಲಿಲ್ಲ. ಬರದು ಸರಕಾರದವ್ರ ಮುಂದ ಇಟ್ಲು. ಆಮ್ಯಾಲೆ ನಮ್ಮ ಹಿಂದುಸ್ತಾನಕ್ಕ ಒಮ್ಮೆನೂ ಬರ್ಲಾರದ, ನಮ್ಮ ಬಾವಿ ಹೆಂಗದಾವು, ಗಟಾರ ಹೆಂಗದಾವು ಅಂತ ಕಾಗದಾ ತರಿಸಿ ತರಿಸಿ ಓದಿದ್ಲು."

ನಮ್ಮ ಹಿಂದುಸ್ತಾನ ಎಂದರು. ಅವರು ಗಮನಿಸಲಿಲ್ಲ, ನಾನು ಗಮನಿಸಿದೆ.

ಇನ್ನು ನನ್ನಿಂದ ಆಗಲಿಲ್ಲ. ಅಳು ಬಂತು, ಅಳುತ್ತಲೇ ಹೇಳಿದೆ. ಬಳೆಗಾರ, ಹಸಿರು ಬಳೆ, ಕೆಂಪು ಬಳೆ, ಅವರ ಪ್ರಶ್ನೆ, ನನ್ನ ಉತ್ತರ. "ಮಾಡ್ತೀನಿ ಅಂತ ಅಂದಿದ್ದಲ್ರಿ. ಮುಗೀತು ಅಂತs ಅಂದಿದ್ದೆ. ಸುಳ್ಳ ಹೇಳಿದೆ. ಕಮಿಟಿಯವ್ರ ಮುಂದೂ ಸುಳ್ಳ ಹೇಳಿದೆ. ನಿಮ್ಮ ಕನ್ನಡಕ್ಕ ಕೆಟ್ಟ ಹೆಸರು ಬಂತು, ನಿಮ್ಮ ವಾರ್ಡ್ ಹೋತು. ನನಗ ಕ್ಷಮಾ ಮಾಡ್ರಿ" ಎಂದು ಅವರ ಮೊಣಕಾಲಿಗೆ ಹಣೆ ಹಚ್ಚಿದೆ.

ಹಿಲ್ಡಾಬಾಯಿ ಕಂಬಳಿಯ ಅಂಚಿನಿಂದ ನನ್ನ ಮುಖ ಒರೆಸಿದರು. ಉಣ್ಣೆ ಚುಚ್ಚಿತು.

"ನನಗ ಅವಾಗs ಗೊತ್ತಿತ್ತು."

"ಅಂದ್ರ?"

"ನನ್ನ ಕನ್ನಡ ಅಷ್ಟ ಕಚ್ಚಾ ಇರ್ಲಿಲ್ಲ ಬೇ. ಮಾಡ್ತೀನಿ ಅನ್ನಾಕಿ ಆತ್ರೀ ಅಂತ ಎಳೀತಾಳ. ನೀ ಎಳೀಲಿಲ್ಲ, ಪಟ್ಟನ ಅಂದಿ. ಖರೆ ಹೇಳಿದ್ರ ನಿನ್ನ ಸಾಲಿ ಬಿಡಸ್ತಿದ್ರು. ಹತ್ತೊಂಬತ್ತ ವರ್ಷದ ಹುಡುಗಿ. ಕೈ ಛಲೋ ಇತ್ತು ನಿಂದು. ಒಂದ ದಿವಸ ತಾನs ಬಂದು ಹೇಳ್ತಾಳ ಅಂತ ಅನಕೊಂಡಿದ್ದೆ."

"ಮೂವತ್ತೆರಡ ವರ್ಷ ಆತಲ್ರಿ!"

"ನೀ ಮೊದಲಿಂದಲೂ ನಿಧಾನs" ಎಂದರು.

ನನಗೆ ನಗುವೂ ಬಂತು, ಅಳುವೂ ಬಂತು. ಮೈ ಹಗುರಾಯಿತು ಎಂದುಕೊಂಡೆ. ಎದ್ದು ಸೀರೆಯ ನೆರಿಗೆ ಸರಿ ಮಾಡಿಕೊಳ್ಳುವಷ್ಟರಲ್ಲಿ ಅವರು ಕೋಲಿನಿಂದ ನನ್ನ ಪಾದಕ್ಕೆ ಮೆಲ್ಲಗೆ ಬಡಿದರು.

"ಅಲ್ಲ ಕಮಲಿ, ಇದನ್ನ ನನಗ್ಯಾಕ ಹೇಳಾಕ ಬಂದಿ? ಸೂಜಿ ತಪ್ಪಿದ್ದು ನನಗೇನು?"

ನಾನು ಸರಿ ಮಾಡಿಕೊಂಡ ನೆರಿಗೆಯನ್ನೇ ಮತ್ತೆ ಸರಿ ಮಾಡಿಕೊಂಡೆ.

"ಮಾಳವ್ವಗ ಹೇಳ್ತೀಯಿಲ್ಲ?"

"ಆತ್ರಿ" ಎಂದೆ.

ಹಿಲ್ಡಾಬಾಯಿ ತಲೆ ಎತ್ತಿ, ಆ ಕಮಿಟಿಯ ದಿನ ನೋಡಿದ ಹಾಗೆಯೇ ನನ್ನನ್ನು ನೋಡಿದರು.

"ಯಾವ ಆತು ಬೇ?"

ರನ್ನ ಬೆಳಗಲಿ

ಪ್ರವಾಸ ಕಥನ ಮನೆಗೆ ಬಂದಲ್ಲಿಗೆ ಮುಗಿಯಬೇಕು ಎನ್ನುತ್ತಾರೆ ನಮ್ಮ ಮನೆಯವರು. ನನ್ನದು ಅಲ್ಲಿಂದ ಮುಂದೆ ಒಂದು ಬಸ್ಸಿನ ದಾರಿ ಉಳಿದಿತ್ತು. ಏಳು ಸಮುದ್ರ ದಾಟಿ ಬಂದವಳಿಗೆ ರನ್ನ ಬೆಳಗಲಿಗೆ ಹೋಗಲು ಹದಿನೆಂಟು ದಿನ ಹಿಡಿಯಿತು. ಒಂದು ದಿನ ಬಸ್ಸು ತಪ್ಪಿತು, ಒಂದು ದಿನ ಮೈಗೆ ಹುಷಾರಿಲ್ಲ, ಒಂದು ದಿನ ಅಮಾವಾಸ್ಯೆ. ನೆಪಗಳೆಲ್ಲ ಮುಗಿದ ದಿನ ಹೊರಟೆ.

ಮಾಳವ್ವ ಅಂಗಳದಲ್ಲಿ ಕೂತು ಉಣ್ಣೆ ಬಿಡಿಸುತ್ತಿದ್ದಳು. ನನ್ನನ್ನು ಕಂಡವಳೇ ಎದ್ದು ಕಾಲು ಮುಟ್ಟಲು ಬಂದಳು. "ಮುಟ್ಟಬ್ಯಾಡ. ಮದಲ ಕೇಳು" ಎಂದೆ. ನಿಂತುಕೊಂಡೇ ಎಲ್ಲ ಹೇಳಿದೆ. ಬಳೆಯ ಸಂಗತಿಯನ್ನೂ ಬಿಡಲಿಲ್ಲ. ಆ ದಿನವೇ ಸೂಜಿ ಮಾಡಿದ್ದರೆ ಜ್ವರ ಅಷ್ಟು ಏರುತ್ತಿರಲಿಲ್ಲ ಎಂದೂ ಹೇಳಿದೆ.

ಅವಳ ಕೈಯಲ್ಲಿದ್ದ ಉಣ್ಣೆ ಹಾಗೆಯೇ ಉಳಿಯಿತು.

"ಆ ಮೂರ ದಿನದಾಗ ನನ್ನ ಎದಿ ಹಾಲು ಬತ್ತಿ ಹ್ವಾದ್ವು" ಎಂದಳು. "ಕೂಸಿಗೆ ಆಡಿನ ಹಾಲ ಹಾಕಿ ಬೆಳಸೀನಿ. ಬೀರಪ್ಪಗ ಬೇಡಕೊಂಡ ಹರಕಿ ತಪ್ಪೀ, ಅದಕ್ಕs ದೇವ್ರ ಮುನದಾನ ಅಂತ ನಮ್ಮತ್ತಿ ಸಾಯೂತನಕ ಅಂದ್ಲು. ಮಂದಿನೂ ಅಂದ್ರು. ನಾನೂ ಹಂಗs ತಿಳಕೊಂಡಿದ್ದೆ. ಗುಡಿ ಒಳಗ ಹೋಗಾಕ ಇವತ್ತಿಗೂ ಕಾಲ ನಡಗತಾವು ನನಗ."

ಇಷ್ಟು ವರ್ಷ ನಾನು ಹಿಲ್ಡಾಬಾಯಿಯ ಆರು ತಿಂಗಳನ್ನು ನೆನೆದು ಕೊರಗಿದ್ದೆ. ಇವಳ ಮೂವತ್ತೆರಡು ವರ್ಷ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ವರ್ಷ ವರ್ಷ ಬೆಣ್ಣೆ ತಿಂದಿದ್ದೆ.

"ಹಂಗಾರ ಬೀರಪ್ಪ ಮುನದಿರ್ಲಿಲ್ಲ" ಎಂದಳು ಮಾಳವ್ವ.

"ಇಲ್ಲ."

"ನನ್ನ ತಪ್ಪ ಇರ್ಲಿಲ್ಲ."

"ಇಲ್ಲ ಮಾಳವ್ವ. ನಂದು."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಸಿಟ್ಟಿತ್ತು, ನನಗೆ ಕಾಣುವ ಹಾಗೆಯೇ ಇತ್ತು. ಬೈಯಲಿ ಎಂದು ಕಾಯುತ್ತ ನಿಂತೆ. ಒಳಗೆ ಹೋದಳು. ಮತ್ತೆ ಬಾಗಿಲಿಗೆ ಬಂದು ನನ್ನನ್ನು ನೋಡಿದಳು.

"ನಿಂತೀಯೇನ್ ಬೇ ಅಲ್ಲೇ? ಬಾ, ರೊಟ್ಟಿ ತಿಂದು ಹೋಗು. ಸಂಜಿಮುಂದ ನಾ ಗುಡಿಗೆ ಹೋಗಾಕಿ ಅದೇನಿ."

ಮೂವತ್ತೆರಡು ವರ್ಷ ನನಗೆ ‘ಬಾಯಾರ’ ಅಂದವಳು, ‘ರೀ’ ಬಿಟ್ಟು ಮಾತಾಡದವಳು, ‘ಬೇ’ ಎಂದಳು. ನನ್ನ ದೇವರ ಪದವಿ ಅಲ್ಲಿಗೆ ಹೋಯಿತು. ನಾನು ಒಳಗೆ ಹೋಗಿ ಅವಳ ಪಕ್ಕ ನೆಲದ ಮೇಲೆ ಕೂತು ರೊಟ್ಟಿ ತಿಂದೆ. ಅವಳು ಬೆಣ್ಣೆ ಹಾಕಲಿಲ್ಲ.

ಊರಿಗೆ ಮರಳಿದವಳೇ ಹಿಲ್ಡಾಬಾಯಿಗೆ ಕಾಗದ ಬರೆದೆ. ಹವೆಯ ಬಗ್ಗೆ ಒಂದು ಅಕ್ಷರವೂ ಬರೆಯಲಿಲ್ಲ. ಅವರದೇ ಕಾನೂನಿನ ಪ್ರಕಾರ: "ಮಾಳವ್ವಗೆ ಹೇಳಿದೆ. ಹನ್ನೊಂದೂಕಾಲು ಗಂಟೆ." ಕೆಳಗೆ ಸಹಿ.

ತಿಂಗಳಾದ ಮೇಲೆ ಉತ್ತರ ಬಂತು. ಲಕೋಟೆಯೊಳಗೆ ಆ ಸಂಗ್ರಹಾಲಯದ ಒಂದು ಕಾರ್ಡು, ಮೇಲೆ ಪುಟ್ಟ ಗೂಗಿಯ ಚಿತ್ರ. ಹಿಂದೆ, ಬಟ್ಟೆಯ ಕೋಣೆಯಲ್ಲಿ ನಾನೇ ತಿದ್ದಿಸಿದ ಆ ದುಂಡು ಅಕ್ಷರದಲ್ಲಿ, ನಮ್ಮ ವಾರ್ಡಿನಲ್ಲಿ ಅವರೇ ನಿಷೇಧ ಮಾಡಿದ್ದ ಒಂದೇ ಒಂದು ಪದವಿತ್ತು.

ಆತು.